ಲಾಗ್ ಫೈಲ್ ಕಳಿಸಿ ಅಂದರೆ ಎಲ್ಲಿಂದ ತರುವುದು, ಏನನ್ನು ಕಳಿಸುವುದು?

ಪ್ರಶ್ನೆ: ಸರ್, ಚಿತ್ರದುರ್ಗದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬ್ಯಾನರ್, ಬಿಲ್ ಬುಕ್ ಕೆಲಸ. ಮೂರು ಕಂಪ್ಯೂಟರ್ ಇವೆ: ವಿಂಡೋಸ್ 11 ಇರುವ ಡೆಸ್ಕ್‌ಟಾಪ್, ಒಂದು ಮ್ಯಾಕ್‌ಬುಕ್, ಉಬುಂಟು ಹಾಕಿದ ಹಳೆ ಲ್ಯಾಪ್‌ಟಾಪ್. ಮೂರರಲ್ಲೂ ಒಂದೇ ಪೇಜ್ ಲೇಔಟ್ ಸಾಫ್ಟ್‌ವೇರ್ ಬಳಸುತ್ತೇವೆ. ಈಚೆಗೆ ಡೆಸ್ಕ್‌ಟಾಪ್‌ನಲ್ಲಿ ಹೊಸ ಯೂಸರ್ ಅಕೌಂಟ್ ಮಾಡಿ, ಅಂಗಡಿಯ ಹೆಸರನ್ನು ಕನ್ನಡದಲ್ಲೇ ಇಟ್ಟೆವು. ಆಮೇಲೆ ಸಾಫ್ಟ್‌ವೇರ್ ತೆರೆದ ಕೂಡಲೇ ಮುಚ್ಚಿಹೋಗುತ್ತಿದೆ. ಮುಚ್ಚುವ ಮುಂಚೆ ಒಂದು ಸಂದೇಶ ಬರುತ್ತದೆ. ಅದರಲ್ಲಿ ಸಿ ಡ್ರೈವ್, ಯೂಸರ್ಸ್, ಆಮೇಲೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು, ಆಮೇಲೆ ಆಪ್‌ಡೇಟಾ, ಲೋಕಲ್, ಟೆಂಪ್ ಎಂದಿದ್ದು, ಫೈಲ್ ತೆರೆಯಲಾಗಲಿಲ್ಲ ಎಂದು ಬರೆದಿದೆ. ಮ್ಯಾಕ್‌ನಲ್ಲಿ ಪಿಡಿಎಫ್ ಮಾಡುವಾಗ ಒಮ್ಮೊಮ್ಮೆ ಚಕ್ರ ತಿರುಗುತ್ತಾ ನಿಂತುಬಿಡುತ್ತದೆ. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಸರಿ ಇದೆ, ಪ್ರಿಂಟ್ ಬರುತ್ತಿಲ್ಲ. ಸಪೋರ್ಟ್‌ನವರು ಮೂರೂ ಕಂಪ್ಯೂಟರ್‌ನ ಲಾಗ್ ಫೈಲ್ ಕಳಿಸಿ ಎಂದಿದ್ದಾರೆ. ಎಲ್ಲಿ ಹುಡುಕಬೇಕು ಗೊತ್ತಿಲ್ಲ. ಪರಿಚಯದ ಹುಡುಗನೊಬ್ಬ ಇವೆಂಟ್ ವ್ಯೂವರ್ ತೆರೆದು ತೋರಿಸಿ, ಇಷ್ಟೊಂದು ಕೆಂಪು ಗುರುತು ಇವೆ, ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡೋಣ ಅಂದ. ಗ್ರಾಹಕರ ಹೆಸರು, ಫೋನ್ ನಂಬರ್ ಎಲ್ಲಾ ಈ ಫೈಲ್‌ಗಳಲ್ಲಿ ಹೋಗುತ್ತದಾ? ಹಳೆ ಲಾಗ್‌ಗಳನ್ನು ಅಳಿಸಿದರೆ ಕಂಪ್ಯೂಟರ್ ಹಗುರ ಆಗುತ್ತದಾ? — ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ಮೊದಲ ಮಾತು, ಸದ್ಯಕ್ಕೆ ಫಾರ್ಮ್ಯಾಟ್ ಮಾಡಿಸಬೇಡಿ. ಮಾಡಿಸಿದರೆ ತೊಂದರೆಯ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಆಮೇಲೆ ಅದೇ ಹೆಸರಿನಲ್ಲಿ ಅಕೌಂಟ್ ಮಾಡಿದರೆ ಅದೇ ತೊಂದರೆ ಮತ್ತೆ ಬರುವ ಸಂಭವವೂ ಇದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲಾಗ್ ಫೈಲ್ ಅಂದರೆ ಕಂಪ್ಯೂಟರ್ ಅಥವಾ ಸಾಫ್ಟ್‌ವೇರ್ ತಾನು ಮಾಡಿದ ಕೆಲಸ, ಆದ ತಪ್ಪುಗಳನ್ನು ಹೊತ್ತಿನ ಸಮೇತ ಬರೆದಿಡುವ ದಿನಚರಿ. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತವೆ. ಫೈಲ್ ಎಲ್ಲಿದೆ ಅನ್ನುವುದು ಒಂದು, ಕಳಿಸಿದರೆ ಗ್ರಾಹಕರ ಗುಟ್ಟು ಹೊರಗೆ ಹೋಗುತ್ತದಾ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಇದೆ. ಆದರೆ ಸಪೋರ್ಟ್ ಕೆಲಸದಲ್ಲಿ ಇರುವ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಬೇರೆಯೇ. ತೊಂದರೆ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಆಯಿತು ಅನ್ನುವುದು. ಹೊತ್ತು ಗೊತ್ತಿದ್ದರೆ ಲಕ್ಷ ಸಾಲಿನ ಲಾಗ್‌ನಲ್ಲೂ ಬೇಕಾದ ಹತ್ತು ಸಾಲು ಸಿಗುತ್ತವೆ. ಹೊತ್ತು ಗೊತ್ತಿಲ್ಲದಿದ್ದರೆ ಇಡೀ ಕಂಪ್ಯೂಟರನ್ನೇ ಜಿಪ್ ಮಾಡಿ ಕಳಿಸಿದರೂ ಪ್ರಯೋಜನ ಇಲ್ಲ.

ಕೆಂಪು ಗುರುತು ಅಂದರೆ ವೈರಸ್ ಅಲ್ಲ

ಇವೆಂಟ್ ವ್ಯೂವರ್ ವಿಂಡೋಸ್‌ನ ದಿನಚರಿ ತೋರಿಸುವ ಉಪಕರಣ. ಯಾವ ಸೇವೆ ಶುರುವಾಯಿತು, ಯಾವುದು ನಿಂತಿತು, ಯಾವ ಕೆಲಸ ಒಂದು ಸಲಕ್ಕೆ ಆಗಲಿಲ್ಲ ಎಂದೆಲ್ಲ ಅಲ್ಲಿ ದಾಖಲಾಗುತ್ತದೆ. ಒಂದು ಕೆಲಸ ಮೊದಲ ಸಲ ಆಗದೆ ಎರಡನೇ ಸಲ ಆದರೂ, ಮೊದಲ ಸಲದ್ದು ಕೆಂಪು ಗುರುತಿನೊಂದಿಗೇ ಉಳಿಯುತ್ತದೆ. ಹಾಗಾಗಿ ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರ್‌ನಲ್ಲೂ ಕೆಂಪು, ಹಳದಿ ಗುರುತುಗಳು ಇದ್ದೇ ಇರುತ್ತವೆ. 10016 ಎಂಬ ಸಂಖ್ಯೆಯ ಘಟನೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಅಲಕ್ಷಿಸಬಹುದು ಎಂದು ಮೈಕ್ರೋಸಾಫ್ಟ್‌ ತಾನೇ ಹೇಳಿದೆ.

ಪರಿಚಯದ ಹುಡುಗ ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಇದೇ ಪರದೆಯನ್ನು ಮೋಸಗಾರರು ಹಲವು ವರ್ಷಗಳಿಂದ ಬಳಸುತ್ತಾ ಬಂದಿದ್ದಾರೆ. ಕಂಪ್ಯೂಟರ್ ಕಂಪನಿಯಿಂದ ಮಾತಾಡುತ್ತಿದ್ದೇವೆ ಎಂದು ಫೋನ್ ಮಾಡುತ್ತಾರೆ. ಇವೆಂಟ್ ವ್ಯೂವರ್ ತೆರೆಯಿಸಿ ಕೆಂಪು ಗುರುತು ತೋರಿಸುತ್ತಾರೆ. ಹೆದರಿದವರಿಂದ ರಿಮೋಟ್ ಆ್ಯಪ್ ಹಾಕಿಸಿ ಹಣ ಕೀಳುತ್ತಾರೆ. ಯಾವ ಕಂಪನಿಯೂ ನೀವು ಕೇಳದೆ ಫೋನ್ ಮಾಡಿ ನಿಮ್ಮ ಕಂಪ್ಯೂಟರ್‌ನಲ್ಲಿ ಎರರ್ ಇದೆ ಎಂದು ಹೇಳುವುದಿಲ್ಲ. ಅಂಥ ಕರೆಯಿಂದ ಹಣ ಕಳೆದುಕೊಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಲಾಗ್ ಇಟ್ಟುಕೊಂಡೇ ಇರುವುದಿಲ್ಲ

ಲಾಗ್ ಒಮ್ಮೆ ಬರೆದರೆ ಶಾಶ್ವತ ಎಂದು ತುಂಬಾ ಜನ ತಿಳಿದುಕೊಂಡಿರುತ್ತಾರೆ. ಹಾಗಿಲ್ಲ. ವಿಂಡೋಸ್‌ನ ಅಪ್ಲಿಕೇಶನ್ ಲಾಗ್ ಮತ್ತು ಸಿಸ್ಟಮ್ ಲಾಗ್‌ಗೆ ಸಾಮಾನ್ಯವಾಗಿ 20 ಎಂಬಿ ಮಿತಿ ಇರುತ್ತದೆ. ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಸಾಫ್ಟ್‌ವೇರ್‌ನ ಸ್ವಂತ ಲಾಗ್‌ಗಳ ಕಥೆ ಇನ್ನೂ ನಾಜೂಕು. ಕೆಲವು ಸಾಫ್ಟ್‌ವೇರ್‌ಗಳು ಪ್ರತಿ ಸಲ ತೆರೆದಾಗಲೂ ಹೊಸ ಲಾಗ್ ಶುರು ಮಾಡಿ, ಹಿಂದಿನದಕ್ಕೆ 'ಓಲ್ಡ್' ಎಂದೋ '1' ಎಂದೋ ಬಾಲ ಸೇರಿಸಿ ಇಡುತ್ತವೆ. ಅದಕ್ಕೂ ಹಿಂದಿನದು ಹೋಯಿತು. ಅಂದರೆ, ಕ್ರ್ಯಾಶ್ ಆದ (ಸಾಫ್ಟ್‌ವೇರ್ ತಾನಾಗಿ ಮುಚ್ಚಿಹೋದ) ಮೇಲೆ "ಈಗ ಸರಿ ಆಯ್ತಾ ನೋಡೋಣ" ಎಂದು ಎರಡು ಮೂರು ಸಲ ತೆರೆದು ನೋಡಿದರೆ ಬೇಕಾದ ಲಾಗೇ ಮಾಯವಾಗಿರಬಹುದು. ಸಪೋರ್ಟ್‌ಗೆ ಬರುವ ಲಾಗ್‌ಗಳಲ್ಲಿ ನಾನು ಜಾಸ್ತಿ ನೋಡುವ ತೊಂದರೆ ಇದೇ.

ಆದ್ದರಿಂದ ಹೀಗೆ ಮಾಡಿ. ತೊಂದರೆಯನ್ನು ನೀವೇ ಬೇಕೆಂದು ಒಂದು ಸಲ ಬರಿಸಿ. ಸಾಫ್ಟ್‌ವೇರ್ ತೆರೆಯುವ ಮೊದಲು ಗಡಿಯಾರ ನೋಡಿ ಬರೆದುಕೊಳ್ಳಿ, ಮುಚ್ಚಿಹೋದಾಗ ಮತ್ತೆ ಬರೆದುಕೊಳ್ಳಿ. ಪರದೆಯ ಸಂದೇಶವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಮತ್ತೆ ತೆರೆಯಬೇಡಿ. ನೇರವಾಗಿ ಲಾಗ್ ಇರುವ ಫೋಲ್ಡರ್‌ಗೆ ಹೋಗಿ, ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಿ. ಕಟ್ ಮಾಡಬೇಡಿ. ಜಂಕ್ ತೆಗೆಯುವ ಕ್ಲೀನರ್ ಸಾಫ್ಟ್‌ವೇರ್ ಏನಾದರೂ ಇದ್ದರೆ ಈ ಕೆಲಸ ಮುಗಿಯುವವರೆಗೆ ಅದನ್ನು ಓಡಿಸಬೇಡಿ. ಅವು ಮೊದಲು ತೆಗೆದುಹಾಕುವುದೇ ಕ್ರ್ಯಾಶ್ ವರದಿ ಮತ್ತು ಲಾಗ್‌ಗಳನ್ನು.

ಹೊತ್ತಿನ ವಿಷಯದಲ್ಲಿ ನಮ್ಮ ದೇಶದವರು ಗಮನಿಸಬೇಕಾದ ಒಂದು ತೊಡಕಿದೆ. ಬಹಳಷ್ಟು ಲಾಗ್‌ಗಳು ಭಾರತೀಯ ಸಮಯದಲ್ಲಿ ಇರುವುದಿಲ್ಲ, ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ಇರುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗ್ಗೆ 10:10ಕ್ಕೆ ಆದ ಕ್ರ್ಯಾಶ್ ಲಾಗ್‌ನಲ್ಲಿ 04:40 ಎಂದು ಕಾಣುತ್ತದೆ. ಸಮಯದ ಕೊನೆಗೆ ಇಂಗ್ಲಿಷ್ ಝಡ್ ಅಕ್ಷರ ಇದ್ದರೆ ಅದು ಯುಟಿಸಿ ಎಂದೇ ಅರ್ಥ. "ಆ ಹೊತ್ತಿಗೆ ಅಂಗಡಿಯೇ ತೆರೆದಿರಲಿಲ್ಲ, ಯಾರೋ ರಾತ್ರಿ ಕಂಪ್ಯೂಟರ್ ಮುಟ್ಟಿದ್ದಾರೆ" ಎಂದು ಗಾಬರಿಯಾದವರೂ ಇದ್ದಾರೆ. ಇವೆಂಟ್ ವ್ಯೂವರ್ ಮಾತ್ರ ಯಾವ ಕಂಪ್ಯೂಟರ್‌ನಲ್ಲಿ ತೆರೆಯುತ್ತೀರೋ ಅಲ್ಲಿನ ಸಮಯಕ್ಕೆ ಬದಲಿಸಿ ತೋರಿಸುತ್ತದೆ. ನಿಮ್ಮ ಫೈಲನ್ನು ಬೇರೆ ದೇಶದಲ್ಲಿ ಕೂತವರು ತೆರೆದರೆ ಅವರಿಗೆ ಬೇರೆ ಗಂಟೆ ಕಾಣುತ್ತದೆ. ಅದಕ್ಕೇ ಮೇಲ್‌ನಲ್ಲಿ ಸಮಯ ಬರೆಯುವಾಗ "ಭಾರತೀಯ ಸಮಯ" ಎಂದು ಸೇರಿಸಿ.

ಹಳೆ ಲ್ಯಾಪ್‌ಟಾಪ್‌ನ ಗಡಿಯಾರವನ್ನೂ ಒಮ್ಮೆ ನೋಡಿ. ಮದರ್‌ಬೋರ್ಡ್‌ನಲ್ಲಿರುವ ಸಣ್ಣ ಬ್ಯಾಟರಿ ಸತ್ತಿದ್ದರೆ ಕಂಪ್ಯೂಟರ್ ಆನ್ ಮಾಡಿದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ಸರಿಯಾಗುತ್ತದೆ. ನಡುವೆ ಬರೆದ ಸಾಲುಗಳು ಮಾತ್ರ ತಪ್ಪು ತಾರೀಕಿನಲ್ಲೇ ಉಳಿಯುತ್ತವೆ.

ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ

ಇಲ್ಲಿ ಎರಡು ಜಾಗ ನೋಡಬೇಕು. ವಿಂಡೋಸ್ ಬರೆದದ್ದು ಒಂದು ಕಡೆ, ಸಾಫ್ಟ್‌ವೇರ್ ತಾನೇ ಬರೆದದ್ದು ಇನ್ನೊಂದು ಕಡೆ. ನಿಮ್ಮಂಥ ತೊಂದರೆಗೆ ಎರಡನೆಯದೇ ಹೆಚ್ಚು ಮುಖ್ಯ.

ಸಾಫ್ಟ್‌ವೇರ್‌ನ ಸ್ವಂತ ಲಾಗ್ ಸಾಮಾನ್ಯವಾಗಿ ಆಪ್‌ಡೇಟಾ ಎಂಬ ಫೋಲ್ಡರ್‌ನೊಳಗೆ ಇರುತ್ತದೆ. ಅದು ನಿಮ್ಮ ಯೂಸರ್ ಫೋಲ್ಡರ್‌ನಲ್ಲೇ ಇದೆ, ಆದರೆ ಅಡಗಿಸಿಟ್ಟಿರುವುದರಿಂದ ಕಾಣುವುದಿಲ್ಲ. ವಿಂಡೋಸ್ ಕೀ ಮತ್ತು ಆರ್ ಕೀ ಒಟ್ಟಿಗೆ ಒತ್ತಿದರೆ ರನ್ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಆಪ್‌ಡೇಟಾ ಎಂಬ ಪದವನ್ನು ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ, ಹಿಂದೆ ಮುಂದೆ ಒಂದೊಂದು % ಚಿಹ್ನೆ ಇಟ್ಟು ಟೈಪ್ ಮಾಡಿ ಎಂಟರ್ ಒತ್ತಿ. ರೋಮಿಂಗ್ ಎಂಬ ಫೋಲ್ಡರ್ ತೆರೆಯುತ್ತದೆ. ಅಲ್ಲಿ ಸಾಫ್ಟ್‌ವೇರ್‌ನ ಅಥವಾ ಅದನ್ನು ಮಾಡಿದ ಕಂಪನಿಯ ಹೆಸರಿನ ಫೋಲ್ಡರ್ ಹುಡುಕಿ. ಸಿಗದಿದ್ದರೆ ಒಂದು ಹಂತ ಮೇಲೆ ಬಂದು ಲೋಕಲ್ ಫೋಲ್ಡರ್‌ನಲ್ಲಿ ನೋಡಿ. ಅಲ್ಲೂ ಇಲ್ಲದಿದ್ದರೆ ಸಿ ಡ್ರೈವ್‌ನ ಪ್ರೋಗ್ರಾಂಡೇಟಾದಲ್ಲಿ. ಇದೂ ಅಡಗಿರುವ ಫೋಲ್ಡರೇ, ಹೀಗೇ ಪರ್ಸೆಂಟ್ ಚಿಹ್ನೆ ಹಾಕಿ ತೆರೆಯಬಹುದು. ಒಳಗೆ 'ಲಾಗ್ಸ್' ಎಂಬ ಫೋಲ್ಡರ್ ಇರಬಹುದು, ಅಥವಾ ಹೆಸರಿನ ಕೊನೆಗೆ ಲಾಗ್ ಎಂದಿರುವ ಫೈಲ್. ಫೈಲ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು, ನೀವು ಬರೆದುಕೊಂಡ ಹೊತ್ತಿಗೆ ಬದಲಾದ ಫೈಲ್ ಯಾವುದು ನೋಡಿ. ಹೆಸರು ಏನೇ ಇರಲಿ, ಬೇಕಾದದ್ದು ಅದೇ.

ಇಷ್ಟೆಲ್ಲ ಹುಡುಕುವ ಮೊದಲು ಸಾಫ್ಟ್‌ವೇರ್‌ನ ಹೆಲ್ಪ್ ಮೆನುವಿನಲ್ಲಿ ಲಾಗ್ ಕೂಡಿಸಿಕೊಡುವ ಆಯ್ಕೆ ಇದೆಯಾ ನೋಡುವುದು ಒಳ್ಳೆಯದು. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಅದು ತೆರೆಯುವುದೇ ಇಲ್ಲವಲ್ಲ, ಹಾಗಾಗಿ ಮ್ಯಾಕ್‌ನಲ್ಲಿ ತೆರೆದು ನೋಡಿ.

ಇನ್ನು ವಿಂಡೋಸ್ ಬರೆದದ್ದು. ಇವೆಂಟ್ ವ್ಯೂವರ್‌ಗಿಂತ ಮೊದಲು ರಿಲಯಬಿಲಿಟಿ ಹಿಸ್ಟರಿ ನೋಡಿ ಎಂದು ನಾನು ಹೇಳುತ್ತೇನೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ಸಿಗುತ್ತದೆ. ದಿನದಿನದ ಪಟ್ಟಿ ಇರುತ್ತದೆ. ಯಾವ ದಿನ ಯಾವ ಸಾಫ್ಟ್‌ವೇರ್ ಕೆಟ್ಟಿತು, ಯಾವ ದಿನ ಏನು ಇನ್‌ಸ್ಟಾಲ್ ಆಯಿತು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. "ಮೊನ್ನೆಯವರೆಗೆ ಸರಿ ಇತ್ತು" ಅನ್ನುವ ಮಾತು ಎಷ್ಟು ನಿಜ ಎಂದು ಇಲ್ಲಿ ಗೊತ್ತಾಗುತ್ತದೆ.

ಇವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್ ತೆರೆಯಿರಿ. ನೀವು ಬರೆದುಕೊಂಡ ಹೊತ್ತಿನ ಹತ್ತಿರ 1000 ಸಂಖ್ಯೆಯ ಘಟನೆ ಇದ್ದರೆ ಅದು ಕ್ರ್ಯಾಶ್. 1002 ಇದ್ದರೆ ಸಾಫ್ಟ್‌ವೇರ್ ಸ್ತಬ್ಧವಾದದ್ದು. 1000ರಲ್ಲಿ ಕೆಟ್ಟ ಸಾಫ್ಟ್‌ವೇರ್‌ನ ಹೆಸರಿನ ಜೊತೆ ಒಂದು ಮಾಡ್ಯೂಲ್, ಅಂದರೆ ಆಗ ಓಡುತ್ತಿದ್ದ ಒಳಭಾಗದ ಫೈಲ್ ಒಂದರ ಹೆಸರೂ ಇರುತ್ತದೆ. ಅದೇ ಅಪರಾಧಿ ಎಂದುಕೊಂಡು ಆ ಹೆಸರಿನ ಫೈಲನ್ನು ಇಂಟರ್‌ನೆಟ್‌ನಿಂದ ಇಳಿಸಿ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ರ್ಯಾಶ್ ಎಲ್ಲಿ ಹೊರಗೆ ಕಾಣಿಸಿಕೊಂಡಿತು ಎಂದಷ್ಟೇ ಅದು ಹೇಳುತ್ತದೆ. ತಪ್ಪು ಶುರುವಾದದ್ದು ಬೇರೆ ಕಡೆ ಇರಬಹುದು. ವಿಂಡೋಸ್‌ನ ಮೂಲ ಫೈಲ್‌ಗಳ ಹೆಸರು ಅಲ್ಲಿ ಬರುವುದು ತೀರಾ ಸಾಮಾನ್ಯ.

ಇದನ್ನು ಕಳಿಸಲು ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಒತ್ತಿ, ಕಳೆದ 24 ಗಂಟೆ ಎಂದು ಆರಿಸಿ, ಆಮೇಲೆ ಫಿಲ್ಟರ್ ಆದ ಲಾಗನ್ನು ಸೇವ್ ಮಾಡುವ ಆಯ್ಕೆ ಒತ್ತಿ. ಸೇವ್ ಮಾಡುವಾಗ ಭಾಷೆಯ ವಿವರವನ್ನೂ ಸೇರಿಸಬೇಕಾ ಎಂದು ಕೇಳುತ್ತದೆ. ಇಂಗ್ಲಿಷ್ ಆರಿಸಿಕೊಳ್ಳಿ. ಇಲ್ಲದಿದ್ದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದಾಗ ಕೆಲವು ಘಟನೆಗಳ ವಿವರಣೆ ಖಾಲಿ ಬರುತ್ತದೆ. ಸೆಕ್ಯೂರಿಟಿ ಲಾಗ್ ಅವರು ಕೇಳದಿದ್ದರೆ ಕಳಿಸಬೇಡಿ.

ಆ ಪ್ರಶ್ನಾರ್ಥಕ ಚಿಹ್ನೆಗಳು

ನೀವು ಬರೆದ ಆ ಒಂದು ಸಾಲು ಇಡೀ ಪತ್ರದ ಜೀವ. ಒಂದೇ ಸಾಲು ನೋಡಿ ಖಚಿತ ಎನ್ನಲಾಗದು, ಆದರೆ ನನ್ನ ಅನುಮಾನ ಬಲವಾಗಿದೆ.

ವಿಂಡೋಸ್ ಒಳಗಿಂದ ಯೂನಿಕೋಡ್ ಬಲ್ಲದು, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಜಾಗ ಇರುವ ಒಂದೇ ಅಕ್ಷರ ಪಟ್ಟಿಯನ್ನು. ಕನ್ನಡ ಹೆಸರಿನ ಯೂಸರ್ ಫೋಲ್ಡರ್ ಅದಕ್ಕೆ ಏನೂ ಕಷ್ಟ ಅಲ್ಲ. ಆದರೆ ಹಳೆ ಪದ್ಧತಿಯಲ್ಲಿ ಬರೆದ ಸಾಫ್ಟ್‌ವೇರ್‌ಗಳು ಫೈಲ್ ಹೆಸರು ಕೇಳುವಾಗ ವಿಂಡೋಸ್ ಆ ಹೆಸರನ್ನು ಕೋಡ್ ಪೇಜ್ ಎಂಬ ಹಳೆ ಅಕ್ಷರ ಪಟ್ಟಿಗೆ ಬದಲಿಸಿ ಕೊಡುತ್ತದೆ. ರಷ್ಯನ್‌ಗೆ, ಥಾಯ್‌ಗೆ, ಅರೇಬಿಕ್‌ಗೆ ಅಂಥ ಪಟ್ಟಿಗಳಿವೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಪಟ್ಟಿ ಇಲ್ಲ. ನಮ್ಮ ಭಾಷೆಗಳು ಬರುವ ಹೊತ್ತಿಗೆ ಯೂನಿಕೋಡ್ ಬಂದಿತ್ತು, ನೇರ ಅದರಲ್ಲೇ ಬಂದವು. ಹಾಗಾಗಿ ಕನ್ನಡ ಅಕ್ಷರಗಳ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಫೈಲ್ ಹೆಸರಿನಲ್ಲಿ ಆ ಚಿಹ್ನೆಗೆ ವಿಂಡೋಸ್‌ನಲ್ಲಿ ಅವಕಾಶವೇ ಇಲ್ಲ. ಹೀಗೆ ಸಾಫ್ಟ್‌ವೇರ್ ಇರಲು ಸಾಧ್ಯವೇ ಇಲ್ಲದ ಫೋಲ್ಡರನ್ನು ಹುಡುಕಿ, ಸಿಗದೆ, ಮುಚ್ಚಿಹೋಗುತ್ತದೆ.

ಡಿ ಡ್ರೈವ್‌ನಲ್ಲಿರುವ, ಇಂಗ್ಲಿಷ್ ಹೆಸರಿನ ಫೈಲ್ ತೆರೆಯಲು ಹೋದರೂ ಇದು ತಪ್ಪುವುದಿಲ್ಲ. ಯಾಕೆಂದರೆ ತಾತ್ಕಾಲಿಕ ಫೈಲ್ ಇಡುವ ಟೆಂಪ್ ಫೋಲ್ಡರ್ ಯೂಸರ್ ಫೋಲ್ಡರ್‌ನ ಒಳಗೇ ಇದೆ. ಮ್ಯಾಕ್ ಮತ್ತು ಉಬುಂಟುವಿನಲ್ಲಿ ಫೈಲ್ ಹೆಸರುಗಳು ಸಾಮಾನ್ಯವಾಗಿ ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲೇ ಓಡಾಡುತ್ತವೆ. ಅಲ್ಲಿ ಈ ಬದಲಾವಣೆ ನಡೆಯುವುದೇ ಇಲ್ಲ. ಅದೇ ಸಾಫ್ಟ್‌ವೇರ್ ಆ ಎರಡರಲ್ಲಿ ಸರಿಯಾಗಿ ತೆರೆಯುವುದಕ್ಕೆ ಇದೇ ಕಾರಣ ಇರಬೇಕು.

ಪರೀಕ್ಷಿಸುವುದು ಸುಲಭ. ಇಂಗ್ಲಿಷ್ ಅಕ್ಷರಗಳ, ಜಾಗ ಬಿಡದ ಹೆಸರಿನಲ್ಲಿ ಇನ್ನೊಂದು ಯೂಸರ್ ಅಕೌಂಟ್ ಮಾಡಿ, ಅದರಲ್ಲಿ ಲಾಗಿನ್ ಆಗಿ ಸಾಫ್ಟ್‌ವೇರ್ ತೆರೆಯಿರಿ. ತೆರೆದರೆ ಕಾರಣ ಸಿಕ್ಕಿತು. ಇದ್ದ ಅಕೌಂಟ್‌ನ ಹೆಸರನ್ನೇ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಸಾಲದು. ತೋರುವ ಹೆಸರು ಬದಲಾಗುತ್ತದೆ, ಫೋಲ್ಡರ್‌ನ ಹೆಸರು ಹಾಗೇ ಉಳಿಯುತ್ತದೆ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿ ತಿದ್ದಿ ಫೋಲ್ಡರ್ ಹೆಸರು ಬದಲಿಸುವ ವಿಡಿಯೋಗಳು ಸಿಗುತ್ತವೆ. ಬೇಡ. ಅರ್ಧ ದಾರಿಯಲ್ಲಿ ತಪ್ಪಿದರೆ ಲಾಗಿನ್ನೇ ಆಗದಂತಾಗಬಹುದು.

ಇನ್ನೊಂದು ದಾರಿಯನ್ನೂ ಯಾರಾದರೂ ಹೇಳಬಹುದು. ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಎಲ್ಲ ಭಾಷೆಗೂ ಯೂನಿಕೋಡ್ ಯುಟಿಎಫ್-8 ಬಳಸು ಎಂಬ, ಬೀಟಾ ಎಂದು ಗುರುತಿಸಿದ ಒಂದು ಟಿಕ್ ಪೆಟ್ಟಿಗೆ ಇದೆ. ಅದನ್ನು ಒತ್ತಿದರೆ ನಿಮ್ಮ ಈ ತೊಂದರೆ ಹೋಗಲೂಬಹುದು. ಆದರೆ ಡಿಟಿಪಿ ಅಂಗಡಿಗೆ ನಾನು ಇದನ್ನು ಹೇಳಲಾರೆ. ನಿಮ್ಮಲ್ಲಿ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಮಾಡಿದ ಕೆಲಸ ಬೇಕಾದಷ್ಟು ಇರುತ್ತದೆ, ಅಲ್ವಾ? ಹಳೆ ನುಡಿ, ಬರಹ ಫಾಂಟ್‌ಗಳು ಕನ್ನಡದ ರೂಪಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿ ಕೆಲಸ ಸಾಗಿಸುತ್ತವೆ. ಹಳೆ ಸಾಫ್ಟ್‌ವೇರ್‌ಗಳು ಅವನ್ನು ಓದುವುದು ಇದೇ ಕೋಡ್ ಪೇಜ್ ಮೂಲಕ. ಅದನ್ನು ಬದಲಿಸಿದರೆ ಹತ್ತು ವರ್ಷದ ಲಗ್ನಪತ್ರಿಕೆಗಳು ತೆರೆದಾಗ ಅಕ್ಷರ ಕಲಸಿಹೋಗಿ ಕಾಣುವ ಅಪಾಯ ಇದೆ. ಹೊಸ ಯೂಸರ್ ಅಕೌಂಟೇ ಕ್ಷೇಮ.

ಹಾಗಾದರೆ ಲಾಗ್ ಕಳಿಸುವುದೇ ಬೇಡವಾ? ಕಳಿಸಿ. ನಿಮ್ಮ ಅಂಗಡಿಯ ಮಟ್ಟಿಗೆ ಇದು ಉಪಾಯ. ಸಾಫ್ಟ್‌ವೇರ್ ಮಾಡಿದವರು ತಿದ್ದಬೇಕಾದ ತಪ್ಪು ಇದು. ಕನ್ನಡಿಗರು ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಇಟ್ಟುಕೊಂಡರೆ ಸಾಫ್ಟ್‌ವೇರ್ ಕೆಡಬಾರದು. ಅಂಥ ಲಾಗ್ ಅವರ ಕೈಗೆ ಸಿಗದೆ ಅವರಿಗೆ ಇದು ಗೊತ್ತೇ ಆಗುವುದಿಲ್ಲ.

ಮ್ಯಾಕ್‌ನಲ್ಲಿ

ಮ್ಯಾಕ್‌ನಲ್ಲಿ ಆಗುತ್ತಿರುವುದು ಕ್ರ್ಯಾಶ್ ಅಲ್ಲ, ಸ್ತಬ್ಧವಾಗುವುದು. ಇದರ ಸಾಕ್ಷಿ ಆಮೇಲೆ ಹುಡುಕಿದರೆ ಸರಿಯಾಗಿ ಸಿಗುವುದಿಲ್ಲ. ಚಕ್ರ ತಿರುಗುತ್ತಿರುವಾಗಲೇ ತೆಗೆದುಕೊಳ್ಳಬೇಕು. ಆಕ್ಟಿವಿಟಿ ಮಾನಿಟರ್ ತೆರೆಯಿರಿ. ನಿಮ್ಮ ಸಾಫ್ಟ್‌ವೇರ್ ಕೆಂಪು ಅಕ್ಷರದಲ್ಲಿ ಕಾಣಬಹುದು. ಅದನ್ನು ಆರಿಸಿ, ಮೇಲಿನ ಮೂರು ಚುಕ್ಕೆಯ ಮೆನುವಿನಲ್ಲಿ ಸ್ಯಾಂಪಲ್ ಪ್ರೋಸೆಸ್ ಒತ್ತಿ. ಕೆಲವು ಸೆಕೆಂಡಿನಲ್ಲಿ ಒಂದು ವರದಿ ಬರುತ್ತದೆ, ಸೇವ್ ಮಾಡಿಕೊಳ್ಳಿ. ಸಾಫ್ಟ್‌ವೇರ್ ಆ ಕ್ಷಣ ಯಾವ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಅದು ತೋರಿಸುತ್ತದೆ. ಆಮೇಲೆ ಫೋರ್ಸ್ ಕ್ವಿಟ್ ಮಾಡಿ.

ಉಳಿದ ಲಾಗ್‌ಗಳಿಗೆ ಫೈಂಡರ್‌ನ ಗೋ ಮೆನು ತೆರೆದು ಆಪ್ಶನ್ ಕೀ ಒತ್ತಿ ಹಿಡಿಯಿರಿ. ಅಡಗಿದ್ದ ಲೈಬ್ರರಿ ಫೋಲ್ಡರ್ ಆಗ ಕಾಣಿಸಿಕೊಳ್ಳುತ್ತದೆ. ಅದರೊಳಗೆ ಲಾಗ್ಸ್ ಇದೆ, ಅದರೊಳಗೆ ಡಯಾಗ್ನೋಸ್ಟಿಕ್ ರಿಪೋರ್ಟ್ಸ್. ಕನ್ಸೋಲ್ ಎಂಬ ಆ್ಯಪ್‌ನಲ್ಲೂ ಇವೇ ವರದಿಗಳು ಕಾಣುತ್ತವೆ. ಹಳೆ ಲೇಖನಗಳಲ್ಲಿ ಸಿಸ್ಟಮ್ ಲಾಗ್ ಎಂಬ ಪಠ್ಯ ಫೈಲ್ ಕಳಿಸಿ ಎಂದಿರುತ್ತದೆ. 2016ರ ಸಿಯೆರಾ ಎಂಬ ಮ್ಯಾಕ್ ಆವೃತ್ತಿಯಿಂದ ಆಪಲ್ ಬೇರೆ ಪದ್ಧತಿಗೆ ಹೋಗಿದೆ, ಆ ಫೈಲ್‌ನಲ್ಲಿ ಈಗ ಹೆಚ್ಚೇನೂ ಇರುವುದಿಲ್ಲ.

ಸಿಸ್‌ಡಯಾಗ್ನೋಸ್ ಎಂಬ ದೊಡ್ಡ ಕಟ್ಟನ್ನೂ ಮ್ಯಾಕ್ ತಯಾರಿಸಿ ಕೊಡುತ್ತದೆ. ಶಿಫ್ಟ್, ಕಂಟ್ರೋಲ್, ಆಪ್ಶನ್, ಕಮಾಂಡ್ ನಾಲ್ಕೂ ಒತ್ತಿ ಹಿಡಿದು ಫುಲ್‌ಸ್ಟಾಪ್ ಒತ್ತಿದರೆ ಶುರುವಾಗುತ್ತದೆ. ಅದರಲ್ಲಿ ನಿಮ್ಮ ಸಾಫ್ಟ್‌ವೇರ್‌ಗೆ ಸಂಬಂಧವೇ ಇಲ್ಲದ, ಇಡೀ ಕಂಪ್ಯೂಟರ್‌ನ ವಿವರ ಇರುತ್ತದೆ. ಅವರಾಗಿ ಕೇಳಿದರೆ ಮಾತ್ರ ಕೊಡಿ.

ಉಬುಂಟುವಿನಲ್ಲಿ

ಇಲ್ಲಿ ಸಾಫ್ಟ್‌ವೇರ್ ಸರಿ ಇದೆ, ಪ್ರಿಂಟ್ ಬರುತ್ತಿಲ್ಲ. ಹಾಗಿದ್ದರೆ ಸಾಫ್ಟ್‌ವೇರ್‌ನವರಿಗೆ ಲಾಗ್ ಕಳಿಸುವ ಮೊದಲು ಬೇರೆ ಯಾವುದಾದರೂ ಆ್ಯಪ್‌ನಿಂದ ಒಂದು ಪುಟ ಪ್ರಿಂಟ್ ಕೊಡಿ. ಅದೂ ಬರದಿದ್ದರೆ ತಪ್ಪು ಇವರದಲ್ಲ. ಲಿನಕ್ಸ್‌ನಲ್ಲಿ ಮುದ್ರಣ ನೋಡಿಕೊಳ್ಳುವುದು ಕಪ್ಸ್ ಎಂಬ ವ್ಯವಸ್ಥೆ. ಮ್ಯಾಕ್‌ನಲ್ಲೂ ಅದೇ. ಅದರ ಲಾಗ್ ವಾರ್ ಫೋಲ್ಡರ್, ಅದರೊಳಗೆ ಲಾಗ್, ಅದರೊಳಗೆ ಕಪ್ಸ್ ಎಂಬಲ್ಲಿ ಎರರ್ ಲಾಗ್ ಎಂಬ ಫೈಲ್. ಓದಲು ಅಡ್ಮಿನ್ ಅನುಮತಿ ಬೇಕಾಗಬಹುದು. ಮಾಮೂಲಿಯಾಗಿ ಇದರಲ್ಲಿ ತುಂಬಾ ಕಡಿಮೆ ಬರೆದಿರುತ್ತದೆ. ಸಪೋರ್ಟ್‌ನವರು ಡೀಬಗ್ ಲಾಗಿಂಗ್ (ಹೆಚ್ಚು ವಿವರ ಬರೆಯುವ ಆಯ್ಕೆ) ಆನ್ ಮಾಡಿ ಎಂದರೆ, ಆನ್ ಮಾಡಿ ಒಂದೇ ಒಂದು ಪ್ರಿಂಟ್ ಕೊಟ್ಟು, ಫೈಲ್ ಕಾಪಿ ಮಾಡಿಕೊಂಡು, ತಕ್ಷಣ ಆಫ್ ಮಾಡಿ. ಮರೆತರೆ ಫೈಲ್ ಬೆಳೆಯುತ್ತಲೇ ಹೋಗುತ್ತದೆ. ಪ್ರಿಂಟ್ ಕೊಟ್ಟ ಫೈಲ್‌ಗಳ ಹೆಸರುಗಳೂ ಅದರಲ್ಲಿ ಸೇರುತ್ತವೆ.

ಉಳಿದ ಸಿಸ್ಟಮ್ ಲಾಗ್ ಬೇಕೆಂದರೆ 'ಲಾಗ್ಸ್' ಎಂಬ ಆ್ಯಪ್ ಸಾಕು. ಇಲ್ಲದಿದ್ದರೆ ಆ್ಯಪ್ ಸೆಂಟರ್‌ನಿಂದ ಹಾಕಿಕೊಳ್ಳಬಹುದು. ಟರ್ಮಿನಲ್ ಗೊತ್ತಿರುವವರು ಹತ್ತಿರ ಇದ್ದರೆ, ಜರ್ನಲ್‌ಸಿಟಿಎಲ್ ಆಜ್ಞೆಯಿಂದ ನೀವು ಬರೆದುಕೊಂಡ ಹೊತ್ತಿನ ಹಿಂದಿನ ಹತ್ತು ನಿಮಿಷ, ಮುಂದಿನ ಹತ್ತು ನಿಮಿಷದ್ದನ್ನು ಮಾತ್ರ ಫೈಲ್‌ಗೆ ತೆಗೆದುಕೊಡಲು ಹೇಳಿ.

ಗ್ರಾಹಕರ ವಿವರ

ಲಾಗ್‌ನಲ್ಲಿ ಬರೀ ಎರರ್ ಇರುತ್ತದೆ, ಖಾಸಗಿ ಏನೂ ಇರುವುದಿಲ್ಲ ಅನ್ನುವುದು ತಪ್ಪು. ಎಲ್ಲಾ ಪಾಸ್‌ವರ್ಡ್ ಅದರಲ್ಲಿ ಹೋಗುತ್ತದೆ ಅನ್ನುವುದೂ ತಪ್ಪು. ನಿಮ್ಮಲ್ಲಿ ಮುಖ್ಯವಾಗಿ ಹೋಗುವುದು ಫೈಲ್‌ಗಳ ಹೆಸರು. ಲಗ್ನಪತ್ರಿಕೆಯ ಫೈಲಿಗೆ ವಧು ವರರ ಹೆಸರನ್ನೇ ಇಡುವುದು ರೂಢಿ ತಾನೆ? ಅದು ಲಾಗ್‌ನಲ್ಲಿ ಹಾಗೇ ಕಾಣುತ್ತದೆ. ಜೊತೆಗೆ ಯೂಸರ್ ಹೆಸರು, ಕಂಪ್ಯೂಟರ್ ಹೆಸರು, ಪ್ರಿಂಟರ್‌ನ ವಿಳಾಸ, ಲೈಸೆನ್ಸ್‌ಗೆ ಬಳಸಿದ ಇಮೇಲ್.

ಡಂಪ್ ಎಂಬ ಫೈಲ್ ಬೇರೆ ಜಾತಿ. ಕ್ರ್ಯಾಶ್ ಆದ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದದ್ದರ ನಕಲು ಅದು. ತೆರೆದಿದ್ದ ಪತ್ರಿಕೆಯ ಒಕ್ಕಣೆ, ಫೋನ್ ನಂಬರ್ ಕೂಡ ಅದರಲ್ಲಿ ಇರಬಹುದು. ಅದನ್ನು ನೀವು ಓದಿ ತಿದ್ದಲು ಆಗುವುದಿಲ್ಲ. ಡಂಪ್ ಕೇಳಿದರೆ ಗ್ರಾಹಕರ ಕೆಲಸ ತೆರೆಯದೆ, ಒಂದು ಖಾಲಿ ಫೈಲ್ ಇಟ್ಟುಕೊಂಡು ತೊಂದರೆ ಬರಿಸಿ, ಆ ಡಂಪ್ ಕೊಡಿ.

ದೊಡ್ಡ ಕಂಪನಿಗಳಿಗೂ ಲಾಗ್‌ನಿಂದ ಪೆಟ್ಟು ಬಿದ್ದಿದೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿ ಎಂದು ಹೇಳಬೇಕಾಯಿತು. ಒಳಗಿನ ಲಾಗ್ ಒಂದರಲ್ಲಿ ಪಾಸ್‌ವರ್ಡ್‌ಗಳು ಮರೆಮಾಚದೆ ಹಾಗೇ ದಾಖಲಾಗಿದ್ದವು. 2023ರಲ್ಲಿ ಓಕ್ಟಾ ಎಂಬ ಲಾಗಿನ್ ಸೇವೆಯ ಕಂಪನಿಯ ಸಪೋರ್ಟ್ ವ್ಯವಸ್ಥೆಗೆ ಕಳ್ಳರು ನುಗ್ಗಿದರು. ಗ್ರಾಹಕರು ತೊಂದರೆ ಪತ್ತೆಗೆಂದು ಕಳಿಸಿದ್ದ ಹಾರ್ ಫೈಲ್‌ಗಳು ಅಲ್ಲಿದ್ದವು. ಬ್ರೌಸರ್ ಮತ್ತು ವೆಬ್‌ಸೈಟ್ ನಡುವೆ ನಡೆದ ಮಾತುಕತೆಯ ದಾಖಲೆ ಅದು. ಲಾಗಿನ್ ಆಗಿರುವುದಕ್ಕೆ ಗುರುತಾದ ಟೋಕನ್‌ಗಳೂ ಅದರಲ್ಲಿರುತ್ತವೆ. ಅವನ್ನು ಬಳಸಿ ಕಳ್ಳರು ಬೇರೆ ಕಂಪನಿಗಳ ಒಳಗೂ ಕೈ ಹಾಕಿದರು. ಯಾವುದಾದರೂ ವೆಬ್‌ಸೈಟ್‌ನವರು ನಿಮ್ಮಿಂದ ಹಾರ್ ಫೈಲ್ ಕೇಳಿದರೆ, ಕಳಿಸಿದ ಮೇಲೆ ಆ ಸೈಟಿನಿಂದ ಲಾಗೌಟ್ ಆಗಿ.

ಹಾಗಾಗಿ ಕಳಿಸುವ ಮೊದಲು ಲಾಗ್‌ನ ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಗ್ರಾಹಕರ ಹೆಸರು, ಇಮೇಲ್, ಫೋನ್ ನಂಬರ್ ಹುಡುಕಿ ಬದಲಿಸಿ. ಸಾಲುಗಳನ್ನೇ ತೆಗೆಯಬೇಡಿ, ಸಮಯವನ್ನು ಮುಟ್ಟಬೇಡಿ. ಒಂದು ಹೆಸರಿಗೆ ಎಲ್ಲಾ ಕಡೆ ಒಂದೇ ಬದಲಿ ಹೆಸರು ಬಳಸಿ. ನಿಮ್ಮ ತೊಂದರೆಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಕನ್ನಡ ಹೆಸರಿನ ಬದಲು ಇಂಗ್ಲಿಷ್ ಹೆಸರು ಹಾಕಿದರೆ ತೊಂದರೆಯ ಸುಳಿವೇ ಮುಚ್ಚಿಹೋಗುತ್ತದೆ. ಕನ್ನಡಕ್ಕೆ ಕನ್ನಡವನ್ನೇ ಬದಲಿಯಾಗಿ ಹಾಕಿ. ಪ್ರಶ್ನಾರ್ಥಕ ಚಿಹ್ನೆಗಳನ್ನು ಇದ್ದ ಹಾಗೇ ಬಿಡಿ. ಮುಟ್ಟದ ಮೂಲ ಕಾಪಿ ಒಂದು ನಿಮ್ಮ ಹತ್ತಿರ ಇರಲಿ.

ಅಳಿಸುವ ಪ್ರಶ್ನೆ

ಲಾಗ್ ಅಳಿಸಿದರೆ ಕಂಪ್ಯೂಟರ್ ವೇಗ ಹೆಚ್ಚುವುದಿಲ್ಲ. ಡಿಸ್ಕ್ ಪೂರ್ತಿ ತುಂಬಿದ್ದರೆ ಮಾತ್ರ ಒಂದಿಷ್ಟು ಜಾಗ ಸಿಗುತ್ತದೆ, ಅದೂ ದೊಡ್ಡ ಡಂಪ್ ಫೈಲ್‌ಗಳಿಂದ. ಈ ಕೆಲಸ ಮುಗಿದ ಮೇಲೆ ವಿಂಡೋಸ್‌ನ ಡಿಸ್ಕ್ ಕ್ಲೀನಪ್‌ನಿಂದ ಅವನ್ನು ತೆಗೆಯಿರಿ. ಫೋಲ್ಡರ್‌ಗೆ ನೀವೇ ಹೋಗಿ ಅಳಿಸಬೇಡಿ. ಕಂಪನಿಯಲ್ಲಿ ಕೆಲಸ ಮಾಡುವ ಓದುಗರಿಗೆ ಮಾತ್ರ ಒಂದು ಮಾತು: 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಆಫೀಸ್ ಕಂಪ್ಯೂಟರ್‌ನಲ್ಲಿ ಐಟಿಯವರನ್ನು ಕೇಳದೆ ಏನನ್ನೂ ಅಳಿಸಬೇಡಿ.

ಕಳಿಸುವ ಮೇಲ್

ಮೂರು ಕಂಪ್ಯೂಟರ್‌ಗೆ ಮೂರು ಜಿಪ್ ಮಾಡಿ. ಹೆಸರಿನಲ್ಲೇ ಯಾವ ಕಂಪ್ಯೂಟರ್, ಯಾವ ತಾರೀಕು ಎಂದಿರಲಿ. ಮೇಲ್‌ನಲ್ಲಿ ಸಾಫ್ಟ್‌ವೇರ್‌ನ ಆವೃತ್ತಿ, ವಿಂಡೋಸ್, ಮ್ಯಾಕ್, ಉಬುಂಟು ಆವೃತ್ತಿಗಳು, ತೊಂದರೆ ಬಂದ ಹೊತ್ತು ಬರೆಯಿರಿ. ಯಾವಾಗಿನಿಂದ ಶುರುವಾಯಿತು, ಆಗ ಏನು ಬದಲಾಗಿತ್ತು ಎಂದು ಬರೆಯಿರಿ. ಡೆಸ್ಕ್‌ಟಾಪ್‌ನ ಬಗ್ಗೆ "ಕನ್ನಡ ಹೆಸರಿನ ಯೂಸರ್ ಅಕೌಂಟ್‌ನಲ್ಲಿ ತೆರೆಯುವುದಿಲ್ಲ, ಇಂಗ್ಲಿಷ್ ಹೆಸರಿನದರಲ್ಲಿ ತೆರೆಯುತ್ತದೆ" ಎಂಬ ಒಂದು ವಾಕ್ಯ, ಪರೀಕ್ಷೆ ಹಾಗೆ ಬಂದರೆ, ಎಲ್ಲಕ್ಕಿಂತ ಮೇಲೆ ಇರಲಿ. ಖಾಸಗಿ ವಿವರ ಬದಲಿಸಿದ್ದೀರಿ ಎಂದೂ ತಿಳಿಸಿ. ಕಂಪನಿ ಕೊಟ್ಟ ಅಪ್‌ಲೋಡ್ ಲಿಂಕ್ ಇದ್ದರೆ ಅದರಲ್ಲೇ ಹಾಕಿ. ವಾಟ್ಸಾಪ್ ಗ್ರೂಪ್‌ನಲ್ಲಾಗಲಿ, ಎಲ್ಲರಿಗೂ ಕಾಣುವ ಡ್ರೈವ್ ಲಿಂಕ್‌ನಲ್ಲಾಗಲಿ ಬೇಡ. ಡ್ರೈವ್ ಲಿಂಕೇ ಕೊಡಬೇಕಾಗಿ ಬಂದರೆ ಆ ಒಬ್ಬರ ಇಮೇಲ್‌ಗೆ ಮಾತ್ರ ಅನುಮತಿ ಕೊಡಿ. ಫೈಲ್ ಸಿಕ್ಕಿತು ಎಂದು ಅವರು ತಿಳಿಸಿದ ಮೇಲೆ ಲಿಂಕ್ ತೆಗೆದುಹಾಕಿ. ಉಬುಂಟುವಿನಲ್ಲಿ ಡೀಬಗ್ ಆಫ್ ಆಗಿದೆಯಾ ಎಂದು ಅದೇ ಹೊತ್ತಿಗೆ ಇನ್ನೊಮ್ಮೆ ನೋಡಿಕೊಳ್ಳಿ.